ಇಂದಿನ ಧಮ್ಮ ಚಿಂತನ: ಗೀರು ಮತ್ತು ತುಕ್ಕು



ಮಳೆಗಾಲಕ್ಕೆ ಮುಂಚೆ ಕಮಲಾಪುರದಲ್ಲಿ ಕಾರು ನಿಲ್ಲಿಸಿದ್ದೆ. ಪಂಚಶೀಲ ಧ್ವಜದ ಸ್ಟಿಕರ್ ಇದ್ದ ಬಾಗಿಲಿಗೆ ಯಾರೋ ಮೊಳೆಯಿಂದ ಗೀರಿದ್ದರು. ಕಲಬುರಗಿ ಮುಟ್ಟಿದರೂ ಸಿಟ್ಟು ಇಳಿಯಲಿಲ್ಲ. ಯಾರೆಂದು ಯೋಚಿಸುತ್ತಲೇ ನಾಲ್ಕು ತಿಂಗಳು ಕಳೆದೆ. ಗೀರನ್ನು ಮಾತ್ರ ಸರಿಮಾಡಲಿಲ್ಲ. ಮಳೆ ಮುಗಿಯುವಷ್ಟರಲ್ಲಿ ಸುತ್ತಲಿನ ಬಣ್ಣ ಉಬ್ಬಿ ತುಕ್ಕು ಹಿಡಿದಿತ್ತು.

ಪೇಂಟಿಂಗ್ ಕೆಲಸದ ಅಣ್ಣನವರು ತೋರಿಸಿಕೊಟ್ಟರು: ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪೆಟ್ಟು ಮೇಲಿನ ಪದರಕ್ಕಷ್ಟೇ. ತೊಳೆದು, ಮೆತ್ತನೆ ಬಟ್ಟೆಯಿಂದ ಪಾಲಿಶ್ ಉಜ್ಜಿದರೆ ಸಾಕು. ತಗಡು ಕಂಡರೆ ಮೊದಲು ನಯವಾದ ಪಾಲಿಶ್ ಪೇಪರಿನಿಂದ ತುಕ್ಕನ್ನು ಪೂರ್ತಿ ತೆಗೆಯಬೇಕು. ಆಮೇಲೆ ಪ್ರೈಮರ್, ಕಾರಿನ ಕಲರ್ ಕೋಡಿಗೆ ಹೊಂದುವ ಟಚ್‌ಅಪ್ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಎಲ್ಲವೂ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದು, ನೆರಳಿನಲ್ಲಿ. ಹುಮನಾಬಾದ್ ರಸ್ತೆಯಲ್ಲಿ ಕಲ್ಲು ಸಿಡಿದು ಚಕ್ಕೆ ಎದ್ದಲ್ಲೂ ಇದೇ ಕ್ರಮ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಒಳಗೊಳಗೇ ಹರಡುತ್ತದೆ.

ಧಮ್ಮಪದದ ಮಲವಗ್ಗದಲ್ಲಿ ಬುದ್ಧ ಭಗವಾನರು ಕಬ್ಬಿಣ ಮತ್ತು ತುಕ್ಕಿನ ಹೋಲಿಕೆ ಕೊಟ್ಟಿದ್ದಾರೆ. ಅದು ನನಗೆ ಅಂದು ಅರ್ಥವಾಯಿತು. ಗೀರಿದ ಕೈ ಬೇರೆಯವರದು. ತುಕ್ಕು ಹುಟ್ಟಿದ್ದು ನನ್ನ ತಗಡಿನಲ್ಲೇ.

ಅವಮಾನ ನುಂಗಿಕೊಳ್ಳಿ ಎಂದು ಇದರ ಅರ್ಥವಲ್ಲ. ಬಾಬಾಸಾಹೇಬರು ಸಂವಿಧಾನ ಬರೆದರು. ದೂರು ಕೊಡಬೇಕಾದಲ್ಲಿ ಕೊಡೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮಗೆ ಧಮ್ಮದ ದಾರಿಯನ್ನೂ ತೋರಿಸಿದರು. ಮನಸ್ಸಿನ ದ್ವೇಷವನ್ನು ಅಂದಂದೇ ತೊಳೆಯೋಣ.

ಇಂದಿನ ಅಭ್ಯಾಸ: ಬಹಳ ದಿನದಿಂದ ಇಟ್ಟುಕೊಂಡ ಒಂದು ಸಿಟ್ಟನ್ನು ನೆನೆದು, ಐದು ನಿಮಿಷ ಮೈತ್ರಿ ಭಾವನೆ ಮಾಡಿ.

ಭವತು ಸಬ್ಬ ಮಂಗಲಂ 🙏