ತೊನ್ನು ಅಂಟುವ ರೋಗವಲ್ಲ

ನಿಮ್ಮ ಪತ್ರದಲ್ಲಿ ನನ್ನನ್ನು ತೀರಾ ನೋಯಿಸಿದ್ದು, ಮಗಳ ತಟ್ಟೆ ಲೋಟಗಳನ್ನು ನಿಮ್ಮ ಅತ್ತೆಯವರು ಬೇರೆ ಇಡಿಸಿದ್ದಾರೆ ಎಂಬ ಮಾತು. ಅದನ್ನು ಇವತ್ತೇ ನಿಲ್ಲಿಸಮ್ಮ. ತೊನ್ನು ಮುಟ್ಟಿದರೆ ಅಂಟುವುದಿಲ್ಲ, ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಮಾಡುವುದರಿಂದ ಈ ಬಿಳಿ ಕಲೆಗಳು ಮೂಡುತ್ತವೆ. ಹಾಲಿನ ಜೊತೆ ಮೀನು ತಿಂದದ್ದು ಕಾರಣವಲ್ಲ; ಹುಳಿ ಬಿಡಿಸುವ ಪಥ್ಯವೂ ಬೇಡ.

ಇದು ದೀರ್ಘಕಾಲದ ತೊಂದರೆ. ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಹರಡಬಹುದು. ಹೊಸ ಕಲೆಗಳು ಬೇಗ ಬೇಗ ಬರುತ್ತಿವೆ ಎಂದಿದ್ದೀರಿ, ಹಾಗಾಗಿ ತಡಮಾಡದೆ ಚರ್ಮವೈದ್ಯರಿಗೆ ತೋರಿಸಿ. ಟ್ಯಾಕ್ರೋಲಿಮಸ್ ಮುಲಾಮು, ವಾರಕ್ಕೆ 2–3 ಸಲ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ಇವೆ; ಫಲ ಕಾಣಲು ತಿಂಗಳುಗಳೇ ಬೇಕು. ಮುಖದ ಕಲೆ ಸಾಮಾನ್ಯವಾಗಿ ಚೆನ್ನಾಗಿ ಸ್ಪಂದಿಸುತ್ತದೆ, ಬೆರಳ ತುದಿಯದು ಕಷ್ಟ. ಕಲೆಯೊಳಗಿನ ಕೂದಲು ಇನ್ನೂ ಕಪ್ಪಗಿದ್ದರೆ ಒಳ್ಳೆಯ ಲಕ್ಷಣ, ಏಕೆಂದರೆ ಬಣ್ಣ ಮರಳುವುದು ಹೆಚ್ಚಾಗಿ ಕೂದಲ ಬುಡದಿಂದಲೇ. ಥೈರಾಯ್ಡ್ ತೊಂದರೆ ಜೊತೆಗಿರುವುದುಂಟು, ರಕ್ತಪರೀಕ್ಷೆ ಮಾಡಿಸಿ.

ಕೆಲವೇ ದಿನಗಳಲ್ಲಿ ಗುಣವೆನ್ನುವ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ. ಅಂಥ ಕೆಲವು ಲೇಪಗಳು ಚರ್ಮವನ್ನೇ ಸುಡುತ್ತವೆ.