ಅಜ್ಜಿಯ ವೀಣೆಗೆ ಹದವಾದ ಹವೆ

ಮಗೂ, ಅಜ್ಜಿಯ ವೀಣೆ ಮೈಸೂರಿನಿಂದ ತೀರ್ಥಹಳ್ಳಿಯ ನಿನ್ನ ಮನೆಗೆ ಬಂತೆಂದು ಕೇಳಿ ತುಂಬಾ ಸಂತೋಷವಾಯಿತು. ಮಳೆ ಹಿಡಿಯುವ ಮೊದಲೇ ನಾಲ್ಕು ಮಾತು ಹೇಳಿಬಿಡುತ್ತೇನೆ.

ಮರ ಎಷ್ಟೇ ಹಳೆಯದಾಗಲಿ, ಗಾಳಿಯ ತೇವ ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಹೀರಿದಾಗ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಇದು ನಿಧಾನವಾಗಿ ನಡೆದರೆ ವೀಣೆ ತಡೆದುಕೊಳ್ಳುತ್ತದೆ. ದಿಢೀರನೆ ಆದರೆ ಕೊಡ ಮತ್ತು ದಂಡಿ ಕೂಡುವಲ್ಲಿ ಅಂಟು ಬಿಡುತ್ತದೆ. ಒಂದೇ ಮರದಲ್ಲಿ ಕೆತ್ತಿದ ಏಕಾಂಡ ವೀಣೆಗೆ ಆ ಭಯವಿಲ್ಲ, ಆದರೆ ಸೀಳುವ ಭಯ ಅದಕ್ಕೂ ಇದೆ.

ಮೊದಲು ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತಂದು ವೀಣೆಯ ಪಕ್ಕದಲ್ಲೇ ಇಡು. ಆರ್ದ್ರತೆ ಶೇ 45ರಿಂದ 55ರೊಳಗೆ ಇದ್ದರೆ ಒಳ್ಳೆಯದು. 40ರಿಂದ 60ರವರೆಗೂ ಚಿಂತೆಯಿಲ್ಲ. 70 ದಾಟಿ ದಿನಗಟ್ಟಲೆ ನಿಂತರೆ ಬೂಸ್ಟು ಹಿಡಿಯುತ್ತದೆ, ತಂತಿಗೆ ತುಕ್ಕು ಬರುತ್ತದೆ. ಮಲೆನಾಡಿನ ಆಷಾಢದಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದೇ ತೇವ. ಆದ್ದರಿಂದ ಒಂದು ಕೋಣೆಯ ಕಿಟಕಿ ಮುಚ್ಚಿ, ಡಿಹ್ಯುಮಿಡಿಫೈಯರ್ ಹಾಕಿ, ತೇವವನ್ನು ದಿನಕ್ಕಿಷ್ಟು ಎಂದು ಮೆಲ್ಲಗೆ ಇಳಿಸು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಇಟ್ಟರೂ ಆದೀತು, ಆಗಾಗ ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ಮಳೆನೀರು ಬಡಿಯುವ ಗೋಡೆಗೆ ವೀಣೆಯನ್ನು ಒರಗಿಸಬೇಡ.

ತೇವ ಜಾಸ್ತಿಯಾಯಿತೆಂದು ಬಿಸಿಲಿಗೂ ಒಲೆಯ ಹತ್ತಿರಕ್ಕೂ ಒಯ್ಯಲೇಬೇಡ. 24 ಮೆಟ್ಟಿಲುಗಳು ಕೂತಿರುವುದು ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಮೇಣದ ಮೇಲೆ. ಕಾವು ತಾಗಿದರೆ ಮೇಣ ಮೆತ್ತಗಾಗಿ ಮೆಟ್ಟಿಲು ಕೂದಲೆಳೆಯಷ್ಟು ಜರುಗುತ್ತದೆ. ಅಷ್ಟಕ್ಕೇ ಶ್ರುತಿ ಕೆಡುತ್ತದೆ. ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸಿ ಮತ್ತೆ ಮೇಳ ಕಟ್ಟಿಸದೆ ಬೇರೆ ದಾರಿಯಿಲ್ಲ.

ಮಳೆಗಾಲದಲ್ಲಿ ತಂತಿ ಬಿಗಿಯುವ ಬಿರಡೆ ಉಬ್ಬಿ ಬಿಗಿಯಾಗುತ್ತದೆ. ಬಲವಂತವಾಗಿ ತಿರುಗಿಸಬೇಡ, ಕೋಣೆ ಹದಕ್ಕೆ ಬರಲಿ. ಬೇಸಿಗೆಯಲ್ಲಿ ಜಾರಿದರೆ ಒಂದಿಷ್ಟು ಸೀಮೆಸುಣ್ಣದ ಪುಡಿ ಸಾಕು. ಎಣ್ಣೆ ಮಾತ್ರ ಬೇಡ. ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಹೈಗ್ರೋಮೀಟರಿನ ಮುಳ್ಳು 40ಕ್ಕಿಂತ ಕೆಳಗಿಳಿದರೆ ಕೋಣೆಯಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡು. ಏಸಿ ಗಾಳಿ ವೀಣೆಗೆ ನೇರವಾಗಿ ಬೀಸದಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಸ್ವಲ್ಪ ಹೊತ್ತಾದರೂ ನುಡಿಸು. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿ ಒರೆಸು. ಎಲ್ಲೋ ಜುಂಯ್ ಎಂದರೆ, ಬೆರಳಿಗೆ ಬಿರುಕು ತಾಗಿದರೆ, ಅಂಗಡಿಯ ಅಂಟು ಸುರಿಯದೆ ವೀಣೆ ಮಾಡುವವರ ಬಳಿಗೆ ಒಯ್ಯಿ. ಬೇಗ ಕಂಡ ಬಿರುಕು ಸಣ್ಣ ಕೆಲಸ; ಒಂದು ಮಳೆಗಾಲ ಬಿಟ್ಟ ಬಿರುಕು ದೊಡ್ಡ ನಷ್ಟ.