ಸ್ಟೇರಿಂಗ್ ನಡುಗಿದರೆ ಮೊದಲು ಗಾಡಿಯ ಅಡಿಗೆ ಹೋಗು

ತಮ್ಮಾ, ಪ್ರವಾಸಿಗರನ್ನು ಕೂರಿಸಿಕೊಂಡು ಕೊಡಚಾದ್ರಿ ಹತ್ತುವಾಗ ನಿನ್ನ ಜೀಪು ಏನೂ ತಕರಾರು ಮಾಡುವುದಿಲ್ಲ. ಲೋ ಗೇರಿನಲ್ಲಿ ಕಲ್ಲಿಂದ ಕಲ್ಲಿಗೆ ತೆವಳುವಾಗ ಸವೆದ ಭಾಗಗಳೂ ಸುಮ್ಮನಿರುತ್ತವೆ. ರೋಗ ಕಾಣುವುದು ಇಳಿದು ನಿಟ್ಟೂರಿನ ಟಾರು ರಸ್ತೆಗೆ ಬಂದ ಮೇಲೆ. 50ರ ಸ್ಪೀಡಿನಲ್ಲಿ ಮುಂದಿನ ಚಕ್ರ ಒಂದು ಗುಂಡಿಗೆ ಬಿತ್ತೆಂದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತೆ ಬಡಿದಾಡುತ್ತದೆ. ಆಗ ಬಹಳ ಜನ ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ನಡುಕ ಅಡಗುತ್ತದೆ, ಸವೆತ ಒಳಗೊಳಗೇ ಬೆಳೆಯುತ್ತದೆ. ನೀನು ಹಾಗೆ ಮಾಡಬೇಡ.

ಮೊದಲು ರಿಮ್ಮಿನ ಒಳಮೈ ತೊಳೆ. ಮಳೆಗಾಲದ ನಮ್ಮ ಕೆಂಪು ಕೆಸರು ಅಲ್ಲಿ ಒಂದೇ ಬದಿಗೆ ಮೆತ್ತಿ ಒಣಗಿದರೆ ಬ್ಯಾಲೆನ್ಸ್ ತಪ್ಪಲು ಅಷ್ಟೇ ಸಾಕು. ಎರಡೂ ಟೈರಿನ ಗಾಳಿ ಸಮ ಇದೆಯಾ ನೋಡು.

ನಂತರ ಚಕ್ರ ನೆಲದ ಮೇಲಿರುವಾಗಲೇ, ಎಂಜಿನ್ ಬಂದ್ ಮಾಡಿ, ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಸ್ಟೇರಿಂಗನ್ನು ಸ್ವಲ್ಪವೇ ಅತ್ತಿತ್ತ ಆಡಿಸಲು ಹೇಳು. ನೀನು ಕೆಳಗೆ ಮಲಗಿ ಟೈ ರಾಡ್ ಎಂಡು, ಡ್ರ್ಯಾಗ್ ಲಿಂಕ್, ಸ್ಟೇರಿಂಗ್ ಬಾಕ್ಸಿನ ಬೋಲ್ಟು ಒಂದೊಂದನ್ನೇ ಮುಟ್ಟಿ ನೋಡು. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಟಕ್ಕೆಂದು ಸಿಗುತ್ತದೆ. ಆಮೇಲೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸು. ಆಡುತ್ತಿದ್ದರೆ ಬ್ರೇಕ್ ತುಳಿಸು. ಆಗ ಆಟ ನಿಂತರೆ ವೀಲ್ ಬೇರಿಂಗು. ನಿಲ್ಲದಿದ್ದರೆ ಕಿಂಗ್‌ಪಿನ್ ಕಡೆಯ ದೋಷ. ಬ್ಲೇಡ್ ಸೆಟ್ಟಿನ ಯು ಬೋಲ್ಟು, ಶಾಕಲ್ ಬುಷ್ ಬಿಡಬೇಡ. ಆಕ್ಸಲ್ಲೇ ಜರುಗುತ್ತಿದ್ದರೆ ಉಳಿದದ್ದು ಎಷ್ಟು ಬಿಗಿಯಿದ್ದರೂ ವ್ಯರ್ಥ.

ಈ ಸಡಿಲವೆಲ್ಲ ತೆಗೆಯುವ ಮುಂಚೆ ಅಲೈನ್‌ಮೆಂಟಿಗೆ ಕೊಟ್ಟರೆ ದುಡ್ಡು ದಂಡ. ಸಡಿಲ ಕೀಲಿನ ಅಳತೆ ಮೊದಲ ಗುಂಡಿಗೇ ಬದಲಾಗುತ್ತದೆ.

ಇನ್ನು ಕ್ಯಾಸ್ಟರ್. ಕಿಂಗ್‌ಪಿನ್ನಿನ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ತಿರುವು ಮುಗಿದ ಮೇಲೆ ಚಕ್ರವನ್ನು ನೇರಕ್ಕೆ ತರುವುದು ಅದೇ ವಾಲು. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿಲ್ಲವೆಂದರೆ ಕ್ಯಾಸ್ಟರ್ ಮೇಲೆ ಅನುಮಾನ ಪಡು. ಗಾಡಿ ಎತ್ತರ ಕಾಣಲೆಂದು ಉದ್ದದ ಶಾಕಲ್ ಹಾಕಿಸುವ ಶೋಕಿ ಈಗ ತೀರ್ಥಹಳ್ಳಿ, ಸಾಗರದ ಹುಡುಗರಿಗೂ ಹಿಡಿದಿದೆ. ಶಾಕಲ್ ಬದಲಾದರೆ ಆಕ್ಸಲ್ ತಿರುಗುತ್ತದೆ, ಕ್ಯಾಸ್ಟರ್ ಕೆಡುತ್ತದೆ. ಡ್ರ್ಯಾಗ್ ಲಿಂಕ್ ಕಡಿದಾಗಿ ನಿಂತು ಪ್ರತಿ ಉಬ್ಬಿಗೂ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಆ ಶೋಕಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಯಾಕೆಂದರೆ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದೊಂದೂ ತಿಳಿದಿರುವುದಿಲ್ಲ.

ಕಾಲೇಜಿನ ಬಾಹಾ ಸ್ಪರ್ಧೆಗೆ ಎಟಿವಿ ಕಟ್ಟುತ್ತಿರುವ ನಿನ್ನ ತಂಗಿಗೂ ಒಂದು ಮಾತು ಹೇಳು. ಅದರಲ್ಲಿ ಆಕ್ಸಲ್ ಬದಲು ಎ ಆರ್ಮು, ಬಾಲ್ ಜಾಯಿಂಟು. ಶಾಕ್ ಅಬ್ಸಾರ್ಬರ್ ಬಿಚ್ಚಿಟ್ಟು, ಸ್ಟೇರಿಂಗನ್ನು ನೇರಕ್ಕೆ ಕಟ್ಟಿ, ಚಕ್ರವನ್ನು ಕೈಯಿಂದ ಪೂರ್ತಿ ಮೇಲಕ್ಕೆತ್ತಿ ಇಳಿಸಲಿ. ಚಕ್ರ ತಾನಾಗಿ ಒಳಕ್ಕೋ ಹೊರಕ್ಕೋ ತಿರುಗಿದರೆ ಟೈ ರಾಡಿನ ಉದ್ದವೋ ಅದನ್ನು ಕೂರಿಸಿದ ಎತ್ತರವೋ ಆರ್ಮಿಗೆ ಹೊಂದಿಲ್ಲ. ವೆಲ್ಡಿಂಗ್ ಮುಗಿಯುವ ಮುಂಚೆಯೇ ಇದನ್ನು ನೋಡಿಕೊಂಡರೆ ತಿದ್ದುವುದು ಸುಲಭ.

ಓಡಿಸುವಾಗಲೇ ನಡುಕ ಹಿಡಿದರೆ ಗಾಬರಿಯಿಂದ ಬ್ರೇಕ್ ಒತ್ತಬೇಡ. ಹೆಬ್ಬೆರಳನ್ನು ಸ್ಟೇರಿಂಗಿನ ಕಡ್ಡಿಯೊಳಗೆ ಸಿಕ್ಕಿಸದೆ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಡು, ವೇಗ ಇಳಿಯುತ್ತಿದ್ದಂತೆ ಬದಿಗೆ ನಿಲ್ಲಿಸು. ಪ್ರವಾಸಿಗರನ್ನು ಬೇರೆ ಜೀಪಿಗೆ ಹತ್ತಿಸಿ ಕಳಿಸು, ಸೀಸನ್ ಇದ್ದರೂ ಸರಿ, ಆ ದಿನದ ಬಾಡಿಗೆ ಹೋದರೂ ಸರಿ.